ಮಾಹಿತಿ ಮೇಲಕ್ಕೆ ಕಳಿಸಿದ್ದು ಸಾಕು, ಈಗ ಮಕ್ಕಳ ಕೈಗೂ ಇಳಿಸೋಣ

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಬಸವ ಜಯಂತಿಗೆ ಒಂದು ಪುಟ್ಟ ಲೇಖನ ಕಳಿಸಬೇಕಿತ್ತು. ಜಿಲ್ಲೆಯಲ್ಲಿ ಬಿಡಿ ವರದಿಗಾರಿಕೆ ಮಾಡುವ ನಮ್ಮಂಥವರ ದಿನ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎಪಿಎಂಸಿಯಲ್ಲಿ ತೊಗರಿ ದರ, ಮಧ್ಯಾಹ್ನ ಸಸ್ತಾಪುರ ಬಂಗ್ಲಾ ಹತ್ತಿರ ಲಾರಿ ಪಲ್ಟಿ, ಸಂಜೆ ಯಾರಿಗೋ ಸನ್ಮಾನ. ಅದರ ನಡುವೆ ಲೇಖನ. ಕೊನೆಗೊಂದು ವಚನ ಇದ್ದರೆ ಚೆಂದ ಎನ್ನಿಸಿತು. ಅವತ್ತು ಬೆಳಿಗ್ಗೆಯಷ್ಟೇ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದ ನಾಲ್ಕು ಸಾಲು ಎತ್ತಿ ಹಾಕಿದೆವು. ಪಕ್ಕದಲ್ಲಿ ಬಸವಣ್ಣನವರ ಚಿತ್ರ ಇತ್ತು, ಕೆಳಗೆ ಕೂಡಲಸಂಗಮದೇವ ಎಂಬ ಅಂಕಿತವೂ ಇತ್ತು. ಇನ್ನೇನು ಬೇಕು?

ಅಚ್ಚಾದ ಮರುದಿನ ಒಂದು ಫೋನ್ ಬಂತು. ಬಸವಕಲ್ಯಾಣ ತಾಲ್ಲೂಕಿನ ಪ್ರೌಢಶಾಲೆಯೊಂದರ ಮೇಡಂ.

"ಸರ್, ನೀವು ಬರ್ದೀರಲ್ಲ, ಆ ವಚನ ನಿಮಗ ಎಲ್ಲಿ ಸಿಕ್ತರಿ? ನಮ್ಮ ಹುಡುಗಿ ಒಬ್ಬಾಕಿ ಪ್ರಾರ್ಥನಾದಾಗ ಓದ್ತೀನಂತ ಪೇಪರ್ ಕತ್ತರಿಸಿಕೊಂಡು ಬಂದಾಳ. ನಾ ಹುಡುಕಿ ನೋಡ್ದೆ. ಬಸವಣ್ಣೋರ ವಚನದಾಗ ಅದು ಇಲ್ರಿ. ಬ್ಯಾರೆ ಶರಣರದ್ದೂ ಅಲ್ಲ."

ನಮಗೆ ಮಾತೇ ಹೊರಡಲಿಲ್ಲ. ಸಮಗ್ರ ವಚನ ಸಂಪುಟ 15 ಸಂಪುಟಗಳಷ್ಟಿದೆ. ಅಷ್ಟನ್ನೂ ಒಂದೇ ದಿನದಲ್ಲಿ ತಿರುವಿ ಹಾಕಿದಿರಾ ಎಂದು ಕೇಳಿದೆವು. "ಇಲ್ರಿ, ನಮ್ಮ ಸಾಲ್ಯಾಗ ಒಂದು ಸಂಪುಟನೂ ಇಲ್ಲ. ಮೊಬೈಲ್‌ನಾಗ ನೋಡ್ದೆ, ಎರಡು ನಿಮಿಷ ಆತು" ಅಂದರು.

ಅನುಭವ ಮಂಟಪ ಇದ್ದ ನೆಲದಲ್ಲಿ, ಇಲ್ಲದ ವಚನವನ್ನು ಬಸವಣ್ಣನವರ ಹೆಸರಿನಲ್ಲಿ ಅಚ್ಚು ಹಾಕಿಸಿದವರು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ ನಾವು. ಅದನ್ನು ಹಿಡಿದವರು ಗಣಿತ ಪಾಠ ಮಾಡುವ ಒಬ್ಬ ಮೇಡಂ. ಶಾಲೆಯ ಗ್ರಂಥಾಲಯದ ಚಾರ್ಜ್ ಅವರ ಮೇಲಿತ್ತು. ಈ ಬರಹ ಅವರ ಕಾರಣಕ್ಕೆ ಹುಟ್ಟಿದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಚಾರ್ಜ್ ಎಂದರೆ ಏನು?

ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಗ್ರಂಥಪಾಲಕರು ಎಂದು ಬೇರೆಯಾಗಿ ಒಬ್ಬರು ಇರುವುದು ಅಪರೂಪ. ಇರುವ ಶಿಕ್ಷಕರಲ್ಲೇ ಒಬ್ಬರಿಗೆ ಚಾರ್ಜ್ ಬರುತ್ತದೆ. ಚಾರ್ಜ್ ಎಂದರೆ ಒಂದು ಅಲಮಾರಿ, ಒಂದು ಕೀಲಿಕೈ, ಒಂದು ಸ್ಟಾಕ್ ರಿಜಿಸ್ಟರ್. ಅದರ ಜತೆಗೆ ಒಂದು ಹೆದರಿಕೆ: ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಯಾರು?

ನಾವು ಆ ಶಾಲೆಗೆ ಹೋದಾಗ ಅಲಮಾರಿ ಮುಖ್ಯ ಶಿಕ್ಷಕರ ಕೋಣೆಯಲ್ಲಿತ್ತು. ಮೊದಲು ಅದಕ್ಕೆ ಯಾವಾಗಲೂ ಕೀಲಿ ಇರುತ್ತಿತ್ತಂತೆ. ಹಿಂದಿನ ಸರ್ ಕೆಟ್ಟವರೇನಲ್ಲ, ಹುಷಾರಿನ ಮನುಷ್ಯ. ನಿವೃತ್ತಿ ಹೊತ್ತಿಗೆ ಒಂದು ಪುಸ್ತಕವೂ ಕಡಿಮೆ ಬರಬಾರದು ಎಂದು ಯಾರಿಗೂ ಕೊಡದೆ ಕಾದರು. ರಿಜಿಸ್ಟರ್ ಪ್ರಕಾರ ಎಲ್ಲ ಪುಸ್ತಕ ಇದ್ದವು. ಎಷ್ಟೋ ಪುಸ್ತಕಗಳ ಹಾಳೆ ಬಿಡಿಸಿರಲೇ ಇಲ್ಲ.

ಮೇಡಂ ಮೊದಲು ಮಾಡಿದ್ದು ಪುಸ್ತಕಗಳ ಪಟ್ಟಿ. ಶಾಲೆಯ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ನಾಲ್ಕು ಸಂಜೆ ಕೂತು ಟೈಪ್ ಮಾಡಿದರು. ಫೈಲನ್ನು ಮೊಬೈಲಿಗೆ ಕಳಿಸಿಕೊಂಡರೆ ಕನ್ನಡ ಎಲ್ಲ ಹೋಗಿ ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. "ಅವತ್ತು ಅಳೋದೊಂದು ಬಾಕಿ ಇತ್ತು ನೋಡ್ರಿ" ಎಂದರು.

ಇದು ಅವರೊಬ್ಬರ ಕತೆಯಲ್ಲ. ನಮ್ಮ ಎಷ್ಟೋ ಕಚೇರಿ, ಶಾಲೆಗಳಲ್ಲಿ ಕನ್ನಡ ಟೈಪಿಂಗ್ ಎಂದರೆ ಇವತ್ತಿಗೂ ಹಳೇ ನುಡಿ, ಹಳೇ ಬರಹ. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಓದಲು ಬರುವುದಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಮಾತ್ರ ಎಲ್ಲ ಕಡೆ ಕನ್ನಡವಾಗಿಯೇ ಉಳಿಯುತ್ತದೆ. ನೀವು ವಾಟ್ಸ್‌ಆ್ಯಪ್‌ನಲ್ಲಿ ಬರೆಯುವುದೂ ಯೂನಿಕೋಡ್ ಕನ್ನಡವೇ. ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಇಷ್ಟು ಸಣ್ಣ ವಿಷಯವನ್ನು ಆ ಮೇಡಂಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಹೇಳಿದ್ದು ಕಲಬುರಗಿಯಲ್ಲಿ ಡಿಗ್ರಿ ಓದುವ ಅವರ ಅಕ್ಕನ ಮಗಳು. ರಜೆಗೆ ಬಂದವಳು ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಟ್ಟಳು, ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ ಎಂದು ತೋರಿಸಿದಳು. ಮೇಡಂ ಅಲಮಾರಿ ಮುಂದೆ ನಿಂತು ಪುಸ್ತಕದ ಹೆಸರು ಓದುತ್ತ ಹೋದರು, ಗೂಗಲ್ ಶೀಟ್‌ನಲ್ಲಿ ಪಟ್ಟಿ ಬೆಳೆಯುತ್ತ ಹೋಯಿತು. ತಪ್ಪು ಬಿದ್ದ ಹೆಸರುಗಳನ್ನು ಒಂಬತ್ತನೇ ತರಗತಿ ಮಕ್ಕಳು ತಿದ್ದಿದರು. ಈಗ ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಅವರ ಮೊಬೈಲೇ ಹೇಳುತ್ತದೆ. ಅಲಮಾರಿ ಕೀಲಿ ತೆಗೆಯಲು ಧೈರ್ಯ ಬಂದದ್ದು ಆಮೇಲೆ.

ಎಲ್ಲವೂ ಮೇಲಕ್ಕೇ

ಈಗ ನಮ್ಮ ವಾದಕ್ಕೆ ಬರುತ್ತೇವೆ.

ಶಿಕ್ಷಕರಿಗೆ ಇಂಟರ್ನೆಟ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಕ್ಕಳ ಹೆಸರು, ದಾಖಲಾತಿ ಸ್ಯಾಟ್ಸ್‌ನಲ್ಲಿ ಹಾಕುತ್ತಾರೆ. ಶಾಲೆಯ ಕೋಣೆ, ಶೌಚಾಲಯ, ನೀರಿನ ಲೆಕ್ಕ ಯು-ಡೈಸ್ ಪ್ಲಸ್‌ನಲ್ಲಿ ಹಾಕುತ್ತಾರೆ. ಬಿಸಿಯೂಟ ಎಷ್ಟು ಮಕ್ಕಳು ಉಂಡರು, ಹಾಲು ಎಷ್ಟು ಮಕ್ಕಳು ಕುಡಿದರು ಎಂಬ ಲೆಕ್ಕ ಕೊಡುತ್ತಾರೆ. ಕಾರ್ಯಕ್ರಮ ಮಾಡಿದರೆ ಫೋಟೊ ಗ್ರೂಪಿಗೆ ಹಾಕುತ್ತಾರೆ. ನೆಟ್‌ವರ್ಕ್ ಸಿಗದಿದ್ದರೆ ಮಾಳಿಗೆ ಹತ್ತಿ ನಿಂತು ಕಳಿಸುತ್ತಾರೆ. ಇಷ್ಟೆಲ್ಲ ಕಲಿತವರಿಗೆ ಇನ್ನೊಂದು ಆ್ಯಪ್ ಕಲಿಯುವುದು ದೊಡ್ಡ ಮಾತಲ್ಲ.

ಆದರೆ ಕಲಿತದ್ದೆಲ್ಲ ಮೇಲಕ್ಕೆ ಕಳಿಸುವ ವಿದ್ಯೆ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಬೀದರಿಗೆ, ಬೀದರಿನಿಂದ ಬೆಂಗಳೂರಿಗೆ. ಅದು ಬೇಡ ಎಂದು ನಾವು ಹೇಳುವುದಿಲ್ಲ. ಲೆಕ್ಕ ಇಲ್ಲದೆ ಸರ್ಕಾರ ನಡೆಯುವುದಿಲ್ಲ. ನಮ್ಮ ತಕರಾರು ಒಂದೇ. ಅದೇ ಮೊಬೈಲಿನಿಂದ, ಅದೇ ಡೇಟಾದಿಂದ ಪುಸ್ತಕ, ಚಿತ್ರ, ವಚನ, ಕತೆ ಕೆಳಗಿಳಿಸಿ ಮಕ್ಕಳ ಮುಂದೆ ಇಡುವ ವಿದ್ಯೆಯನ್ನು ಹೇಳಿಕೊಡಲು ಯಾರಿಗೂ ಪುರಸೊತ್ತಿಲ್ಲ. ಪೋರ್ಟಲಿಗೆ ಕೊನೆಯ ದಿನಾಂಕ ಇರುತ್ತದೆ, ಫೋನ್ ಬರುತ್ತದೆ. ಒಂದು ಮಗು ಕೇಳಿದ ಪ್ರಶ್ನೆಗೆ ಕೊನೆಯ ದಿನಾಂಕ ಇಲ್ಲ, ಉತ್ತರ ಸಿಗದಿದ್ದರೆ ನೋಟಿಸೂ ಬರುವುದಿಲ್ಲ.

ಹಾಗಾಗಿ ನಾವು ಕೇಳುವುದು ಹೊಸ ಯಂತ್ರವನ್ನಲ್ಲ. ಗ್ರಂಥಾಲಯದ ಚಾರ್ಜ್ ಇರುವ ಶಿಕ್ಷಕರಿಗೆ ಹುಡುಕುವುದನ್ನು ಕಲಿಸಿ, ಕಲಿತದ್ದನ್ನು ಬಳಸಲು ವಾರಕ್ಕೆ ಒಂದಿಷ್ಟು ಹೊತ್ತು ಬಿಟ್ಟುಕೊಡಿ. ಇಷ್ಟೇ.

ಅವರೂ ಗಣಿತದ ಮೇಷ್ಟ್ರೇ

ಗಣಿತದವರಿಗೂ ಗ್ರಂಥಾಲಯಕ್ಕೂ ಏನು ಸಂಬಂಧ ಎನ್ನುವವರಿಗೆ ಒಂದು ಹಳೇ ಮಾತು ಹೇಳಬೇಕು. ಭಾರತದ ಗ್ರಂಥಾಲಯಗಳ ಪಿತಾಮಹ ಎನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಕೂಡ ಗಣಿತದ ಮೇಷ್ಟ್ರೇ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಓದುಗರೇ ಬರದ ಕೋಣೆಯಲ್ಲಿ ಕೂರಲು ಬೇಸರ ಬಂದು, ನನ್ನನ್ನು ಮತ್ತೆ ಪಾಠಕ್ಕೇ ಕಳಿಸಿ ಎಂದು ಕೇಳಿಕೊಂಡಿದ್ದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಎಂದರು. ಅಲ್ಲಿ ಹತ್ತಾರು ಗ್ರಂಥಾಲಯ ನೋಡಿ ಬಂದವರು ಮತ್ತೆ ಹಿಂದಿರುಗಿ ನೋಡಲಿಲ್ಲ.

1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪುಸ್ತಕ ಮಾಡಿದರು. ಅದರಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕ ಇರುವುದು ಕಾಯಲಿಕ್ಕಲ್ಲ, ಬಳಸಲಿಕ್ಕೆ ಎಂದು. ಇನ್ನೊಂದರ ತಾತ್ಪರ್ಯ, ಓದುಗರ ಸಮಯ ಉಳಿಸಬೇಕು ಎಂದು. ಕೊನೆಗಾಲಕ್ಕೆ ಅವರು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುತ್ತಾರೆ.

ರಂಗನಾಥನ್ ಕಾಲಕ್ಕೆ ಹೊಸ ಸಾಧನ ಎಂದರೆ ಕಾರ್ಡು ತುಂಬಿದ ಡ್ರಾಯರ್. ಈಗ ಗೂಗಲ್ ಶೀಟ್. ಅವರನ್ನು ಚಾರ್ಜ್ ಕೊಟ್ಟು ಕೋಣೆಯಲ್ಲಿ ಕೂರಿಸಿ ಬಿಟ್ಟಿದ್ದರೆ ಅವರೂ ಕೀಲಿ ಕಾಯುತ್ತಲೇ ಇರುತ್ತಿದ್ದರೋ ಏನೋ. ಕಲಿಯಲು ಕಳಿಸಿದ್ದರಿಂದ ಕತೆ ಬೇರೆಯಾಯಿತು.

ಏನೇನು ಕಲಿಯಬೇಕು?

ನೂರು ಆ್ಯಪ್ ಬೇಡ. ಆ ಮೇಡಂ ಬಳಸುವುದು ನಾಲ್ಕೈದೇ. ಎಲ್ಲವೂ ಪುಕ್ಕಟೆ. ನಿಮ್ಮ ಮನೆಯ ಮೊಬೈಲಿನಲ್ಲೂ ನಡೆಯುತ್ತವೆ, ಓದುತ್ತಲೇ ತೆರೆದು ನೋಡಿ.

ಮೊದಲನೆಯದು ವಚನ ಸಂಚಯ. ಇದೇ ನಮ್ಮ ಮಾನ ಕಳೆದದ್ದು, ಆಮೇಲೆ ಉಳಿಸಿದ್ದೂ ಇದೇ. ಕನ್ನಡದ ಕೆಲವು ಸ್ವಯಂಸೇವಕರು ಮತ್ತು ವಿದ್ವಾಂಸರು ಸೇರಿ ಕಟ್ಟಿದ ತಾಣ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಆ ಪದ ಯಾವ ಯಾವ ಶರಣರ ಯಾವ ಯಾವ ವಚನದಲ್ಲಿ ಬಂದಿದೆ ಎಂದು ಎದುರಿಗೆ ಇಡುತ್ತದೆ. ಹಿಂದೆ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಮಾಡಿಸಿದರು, ಆಮೇಲೆ ವಿಜಯಪುರದಲ್ಲಿ ತಾವೇ ಮುದ್ರಣಾಲಯ ಹಾಕಿದರು. ವೃತ್ತಿಯಿಂದ ವಕೀಲರು, ಅಚ್ಚಿನ ಕೆಲಸ ಅವರ ಕಸುಬಲ್ಲ. ವಚನ ಉಳಿಯಬೇಕು ಎಂದು ತಮ್ಮ ಕಾಲದ ಹೊಸ ಸಾಧನವನ್ನು ಕಲಿತರು.

ಇವತ್ತು ಇದು ಇನ್ನೂ ಹೆಚ್ಚು ಬೇಕು. ವಾಟ್ಸ್‌ಆ್ಯಪ್‌ನಲ್ಲಿ ದಿನ ಬೆಳಗಾದರೆ ಶರಣರ ಹೆಸರಿನಲ್ಲಿ ಯಾರೋ ಬರೆದ ಸಾಲು ಬರುತ್ತವೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಒಂದು ವಚನ ಕೊಡು ಎಂದು ಕೇಳಿದರೆ, ಇಲ್ಲದ್ದನ್ನು ತಾನೇ ಹೊಸೆದು ಕೆಳಗೆ ಅಂಕಿತ ಹಾಕಿ ಕೊಡುವುದೂ ಉಂಟು. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಹರಳಯ್ಯನ ಗವಿ ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಶರಣರ ಮಾತು ಯಾವುದು, ಅವರ ತಲೆಗೆ ಕಟ್ಟಿದ ಮಾತು ಯಾವುದು ಎಂದು ಬೇರೆ ಮಾಡಲು ಬರಬೇಕಲ್ಲವೇ?

ಎರಡನೆಯದು ದೀಕ್ಷಾ. 2017ರಲ್ಲಿ ಶುರುವಾದ ಸರ್ಕಾರಿ ತಾಣ. ಪಠ್ಯಪುಸ್ತಕದಲ್ಲಿ ಇರುವ ಚೌಕದ ಕ್ಯೂಆರ್ ಗುರುತನ್ನು ಅದರಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ಸಿಗುತ್ತವೆ. ಎಷ್ಟೋ ಮನೆಗಳಲ್ಲಿ ಆ ಚೌಕ ಯಾಕಿದೆ ಎಂದೇ ಗೊತ್ತಿಲ್ಲ. ನೆಟ್‌ವರ್ಕ್ ಇದ್ದಾಗ ಇಳಿಸಿಟ್ಟುಕೊಂಡರೆ ಇಲ್ಲದಾಗಲೂ ನೋಡಬಹುದು.

ಮೂರನೆಯದು ಸ್ಟೋರಿವೀವರ್. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಮಕ್ಕಳ ಕತೆಗಳ ತಾಣ. ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಬಹುದು, ಅನುವಾದವನ್ನೂ ಮಾಡಬಹುದು. ಅದಕ್ಕೆಲ್ಲ ಅವರೇ ಅನುಮತಿ ಕೊಟ್ಟಿದ್ದಾರೆ. ನಮ್ಮ ಗಡಿ ಜಿಲ್ಲೆಗೆ ಇದರಿಂದ ಇನ್ನೊಂದು ಲಾಭ ಇದೆ. ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು, ದಖನಿ ಉರ್ದು ಆಡುವವರು, ತೆಲುಗು ಆಡುವವರು, ಲಂಬಾಣಿ ಆಡುವವರು ಕೂತಿರುತ್ತಾರೆ. ಇಲ್ಲಿ ಎಷ್ಟೋ ಕತೆಗಳು ಕನ್ನಡದಲ್ಲೂ ಇವೆ, ಮರಾಠಿ, ಉರ್ದು, ತೆಲುಗಿನಲ್ಲೂ ಇವೆ.

ಹುಮನಾಬಾದ್ ತಾಲ್ಲೂಕಿನ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಇದನ್ನು ಕಣ್ಣಾರೆ ನೋಡಿದೆವು. ಅಲ್ಲಿನ ಮೇಲ್ವಿಚಾರಕರು ಒಂದೇ ಕತೆಯನ್ನು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ತೆರೆದು ಓದಿಸುತ್ತಿದ್ದರು. ಮರಾಠಿಯಲ್ಲಿ ನಕ್ಕ ಹುಡುಗ ಕನ್ನಡದಲ್ಲಿ ಅದೇ ಸಾಲು ಬರುವುದನ್ನು ಕಾಯುತ್ತ ಕೂತಿದ್ದ. ಹುಮನಾಬಾದಿನಿಂದ ಬೆಂಗಳೂರಿಗಿಂತ ಹೈದರಾಬಾದ್, ಸೊಲ್ಲಾಪುರವೇ ಹತ್ತಿರ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ನಿಜಾಮರ ಕಾಲಕ್ಕೆ ಉರ್ದುವಿನಲ್ಲೇ ಸಾಲಿ ಕಲಿತವರು. ನಾಲ್ಕು ಭಾಷೆ ಕಿವಿಗೆ ಬೀಳುವುದು ಇಲ್ಲಿನ ಮಕ್ಕಳ ಕೊರತೆಯಲ್ಲ, ಅವರ ಆಸ್ತಿ.

ನಾಲ್ಕನೆಯದು ಕನ್ನಡ ವಿಕಿಪೀಡಿಯ ಮತ್ತು ವಿಕಿಸೋರ್ಸ್. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ವಿಕಿಸೋರ್ಸ್‌ನಲ್ಲಿ ಹಕ್ಕು ಮುಗಿದ ಹಳೇ ಪುಸ್ತಕಗಳು ಇವೆ. ಇಲ್ಲಿ ಓದಿ ಬಿಡುವುದಷ್ಟೇ ಅಲ್ಲ, ಮಕ್ಕಳೇ ಬರೆಯಲೂಬಹುದು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಒಬ್ಬ ಹೆಣ್ಣುಮಗಳು ನಿಂತು ಕಲ್ಲಿನ ಮೇಲೆ ಬರೆಯುತ್ತಿರುವ ಶಿಲ್ಪ ಇದೆ. ಅವಳು ಬರೆದ ಸಾಲುಗಳು ಆರನೇ ವಿಕ್ರಮಾದಿತ್ಯನನ್ನು ಹೊಗಳಿದ ಶಾಸನ. ಹುಮನಾಬಾದಿನ ಮಕ್ಕಳು ಅದನ್ನು ನೋಡಿ, ಫೋಟೊ ತೆಗೆದು, ಐದು ಸಾಲು ಸರಿಯಾದ ಕನ್ನಡದಲ್ಲಿ ಬರೆದು ಹಾಕಿದರೆ ಮೈಸೂರಿನ ಮಗುವೂ ಓದುತ್ತದೆ. ಹೇಳಿದ್ದಕ್ಕೆ ಆಧಾರ ಯಾವುದು ಎಂದು ಅಲ್ಲಿ ಕೇಳುತ್ತಾರೆ. ಆ ಅಭ್ಯಾಸವನ್ನು ನಮ್ಮಂಥ ವರದಿಗಾರರೂ ಕಲಿಯುವುದು ಒಳ್ಳೆಯದು.

ಒಂದು ಎಚ್ಚರಿಕೆ ಮಾತು. ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಈಗಿನ ಲೇಖಕರ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಓಡಾಡುತ್ತವೆ. ಅವನ್ನು ಶಾಲೆ ಹಂಚಬಾರದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವತನಕ ಪುಸ್ತಕದ ಹಕ್ಕು ಅವರ ಮನೆಯವರದು. ಹಾಗೆಯೇ ಮಕ್ಕಳ ಫೋಟೊ, ಹೆಸರು, ಮೊಬೈಲ್ ನಂಬರ್ ಕಂಡ ಕಂಡ ತಾಣಕ್ಕೆ ಕೊಡಬಾರದು. ಗ್ರಂಥಾಲಯದವರು ಮಕ್ಕಳಿಗೆ ಹುಡುಕುವುದನ್ನು ಕಲಿಸುವ ದಿನವೇ ಇದನ್ನೂ ಕಲಿಸಬೇಕು.

ಆದರೆ, ಹೋದರೆ

ಈ ಮಾತು ಎತ್ತಿದಾಗಲೆಲ್ಲ ಮೂರು ಆಕ್ಷೇಪ ಬರುತ್ತವೆ. ಮೂರರಲ್ಲೂ ಹುರುಳಿದೆ.

ಒಂದು, ಮಕ್ಕಳು ಮೊದಲೇ ಮೊಬೈಲ್ ಹಿಡಿದು ಹಾಳಾಗಿದ್ದಾರೆ, ಈಗ ಶಾಲೆಯಲ್ಲೂ ಅದೇನಾ? ನಾವು ಮಕ್ಕಳ ಕೈಗೆ ಮೊಬೈಲ್ ಕೊಡಿ ಎನ್ನುತ್ತಿಲ್ಲ. ಮೊಬೈಲ್ ಇರಬೇಕಾದದ್ದು ಮೇಡಂ ಕೈಯಲ್ಲಿ. ಸ್ಟೋರಿವೀವರಿನ ಹತ್ತು ಕತೆ ಮುದ್ರಿಸಿ ದಾರ ಹೊಲಿದರೆ ಹತ್ತು ಪುಸ್ತಕ ಆಗುತ್ತವೆ. ವಚನವನ್ನು ಹಲಗೆಯ ಮೇಲೆ ಬರೆದರೆ ಇಡೀ ಕ್ಲಾಸಿಗೆ ಸಿಗುತ್ತದೆ. ಇನ್ನು ಮನೆಯಲ್ಲಿ ಮಗು ಮೊಬೈಲ್ ಹಿಡಿದಾಗ ರೀಲ್ಸ್ ಬಿಟ್ಟು ಬೇರೆ ಏನೋ ಇದೆ ಎಂದು ಅದಕ್ಕೆ ಯಾರಾದರೂ ತೋರಿಸಿರಬೇಕು. ಅಪ್ಪ ಅವ್ವ ಹೊಲದಲ್ಲಿ, ಕೂಲಿಯಲ್ಲಿ. ಶಾಲೆಯವರಲ್ಲದೆ ಇನ್ನಾರು ತೋರಿಸಬೇಕು?

ಎರಡು, ಶಿಕ್ಷಕರಿಗೆ ಮೊದಲೇ ಮೈತುಂಬ ಕೆಲಸ. ನಿಜ. ಅದಕ್ಕೇ ಸಮಯ ಬಿಟ್ಟುಕೊಡಿ ಎನ್ನುತ್ತಿದ್ದೇವೆ. ಆ ಮೇಡಂ ಪಟ್ಟಿ ಮಾಡಿದ್ದು ಸಂಜೆ ಹೊತ್ತು, ವಚನ ಹುಡುಕಿದ್ದು ಮನೆಯಲ್ಲಿ ರಾತ್ರಿ ಊಟ ಆದ ಮೇಲೆ. ಅವರ ಒಳ್ಳೇತನದ ಮೇಲೆ ಇಡೀ ತಾಲ್ಲೂಕಿನ ಗ್ರಂಥಾಲಯಗಳನ್ನು ನಡೆಸಲು ಆಗುವುದಿಲ್ಲ. ಅವರಿಗೆ ವರ್ಗಾವಣೆ ಆದರೆ ಮರುದಿನ ಅಲಮಾರಿಗೆ ಮತ್ತೆ ಕೀಲಿ ಬೀಳುತ್ತದೆ.

ಮೂರು, ಮೊದಲು ಪುಸ್ತಕ ಕೊಡಿ, ಇಂಟರ್ನೆಟ್ ಆಮೇಲೆ. ಇದು ಮೂರರಲ್ಲೂ ಗಟ್ಟಿ ಮಾತು. ಮಕ್ಕಳ ಕೈಗೆ ಹಾಳೆ ಇರುವ ಪುಸ್ತಕವೇ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ದಿನಪತ್ರಿಕೆ, ನಿಯತಕಾಲಿಕೆ, ಕತೆ ಪುಸ್ತಕ ಇರಬೇಕು ಎನ್ನುತ್ತದೆ. ಸಮಗ್ರ ಶಿಕ್ಷಣದಲ್ಲಿ ಗ್ರಂಥಾಲಯಕ್ಕೆಂದೇ ಅನುದಾನದ ಬಾಬ್ತು ಇದೆ. ಆದರೆ ಯಾವ ಪುಸ್ತಕ ತರಿಸಬೇಕು ಎಂದು ಗೊತ್ತಾಗುವುದು ಹೇಗೆ? ಹುಡುಕಲು ಬರುವ ಮೇಡಂ ಮಕ್ಕಳಿಗೆ ಏನು ಇಷ್ಟ ಎಂದು ನೋಡಿ ಪಟ್ಟಿ ಕೊಡುತ್ತಾರೆ. ಹುಡುಕಲು ಬಾರದಿದ್ದರೆ ಯಾರೋ ಕಟ್ಟು ಕಟ್ಟಿ ಕಳಿಸಿದ್ದನ್ನು ಸಹಿ ಹಾಕಿ ಇಟ್ಟುಕೊಳ್ಳಬೇಕು.

ಒಂದೇ ಊರಲ್ಲಿ ಎರಡು ಕೀಲಿ

ಇನ್ನೊಂದು ವಿಷಯ. 2019ರಲ್ಲಿ ನಮ್ಮ ಹಳ್ಳಿಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚು. ಕೊರೊನಾ ಕಾಲಕ್ಕೆ ಶಾಲೆ ಮುಚ್ಚಿದ್ದಾಗ, 2020ರಲ್ಲಿ, ಓದುವ ಬೆಳಕು ಎಂಬ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಎಷ್ಟೋ ಕಡೆ ಕಂಪ್ಯೂಟರ್, ಟಿವಿ ಬಂದಿವೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಇರುತ್ತದೆ. ಅಂದರೆ ಈ ಕೋಣೆಗಳಲ್ಲಿ ನಮ್ಮ ದುಡ್ಡೂ ಇದೆ.

ಹೀಗಿದ್ದೂ ಎಷ್ಟೋ ಊರುಗಳಲ್ಲಿ ಶಾಲೆಯ ಮೇಡಂ ಮತ್ತು ಅರಿವು ಕೇಂದ್ರದ ಮೇಲ್ವಿಚಾರಕರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದಿಲ್ಲ. ಜಗಳ ಏನಲ್ಲ. ಇಲಾಖೆ ಬೇರೆ, ಸಭೆ ಬೇರೆ, ವಾಟ್ಸ್‌ಆ್ಯಪ್ ಗ್ರೂಪ್ ಬೇರೆ. ಶಾಲೆಯಲ್ಲಿ ಮಕ್ಕಳಿದ್ದಾರೆ, ಕಂಪ್ಯೂಟರ್ ಕೆಟ್ಟಿದೆ. ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಮಕ್ಕಳಿಲ್ಲ. ಎರಡರ ನಡುವೆ ನಡೆದರೆ ಐದು ನಿಮಿಷದ ದಾರಿ. ಮೇಡಂ ಮಾಡಿದ ಪುಸ್ತಕ ಪಟ್ಟಿಗೆ ಅರಿವು ಕೇಂದ್ರದ ಪುಸ್ತಕಗಳನ್ನೂ ಸೇರಿಸಿದರೆ ಇಡೀ ಊರಿಗೆ ಒಂದೇ ಪಟ್ಟಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ನಾವು ಕೇಳುವುದು ಇಷ್ಟು

ಬಸವಕಲ್ಯಾಣ ಮತ್ತು ಹುಮನಾಬಾದಿನ ಶಿಕ್ಷಣ ಅಧಿಕಾರಿಗಳಿಗೆ ನಮ್ಮ ವಿನಂತಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ನಡೆಯುತ್ತಲೇ ಇರುತ್ತದೆ. ಅದರಲ್ಲಿ ಒಂದು ತಾಸು ಗ್ರಂಥಾಲಯದ ಚಾರ್ಜ್ ಇದ್ದವರಿಗೆ ಕೊಡಿ. ಹೊರಗಿನಿಂದ ಯಾರನ್ನೂ ಕರೆಸಬೇಡಿ. ಈಗಾಗಲೇ ಕಲಿತ ಶಿಕ್ಷಕರೇ ಪಕ್ಕದ ಶಾಲೆಯವರಿಗೆ ಹೇಳಿಕೊಡಲಿ. ಪಿಪಿಟಿ ಬೇಡ, ಮೊಬೈಲ್ ಕೈಯಲ್ಲಿ ಹಿಡಿದು ಹುಡುಕಿಸಿ.

ಚಾರ್ಜ್ ಇರುವ ಶಿಕ್ಷಕರಿಗೆ ವಾರಕ್ಕೆ ಎರಡು ಪಿರಿಯಡ್ ಗ್ರಂಥಾಲಯಕ್ಕೆಂದೇ ವೇಳಾಪಟ್ಟಿಯಲ್ಲಿ ಬರೆದು ಕೊಡಿ. ಬಾಯಿಮಾತಿನ ಪಿರಿಯಡ್ ಪರೀಕ್ಷೆ ಹತ್ತಿರ ಬಂದ ಕೂಡಲೇ ಮಾಯವಾಗುತ್ತದೆ.

ಮಕ್ಕಳು ಓದಿ ಹರಿದ ಪುಸ್ತಕಕ್ಕೆ, ಅಲ್ಲಿ ಇಲ್ಲಿ ಕಳೆದ ಒಂದೆರಡು ಪುಸ್ತಕಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು ಕೊಡಿ. ಈ ಒಂದು ಕಾಗದ ಎಷ್ಟೋ ಅಲಮಾರಿಗಳ ಕೀಲಿ ತೆಗೆಸುತ್ತದೆ.

ಎಸ್‌ಡಿಎಂಸಿ ಸದಸ್ಯರಾದ ಅಪ್ಪ ಅವ್ವಂದಿರೇ, ಮುಂದಿನ ಸಭೆಯಲ್ಲಿ ಕಾಂಪೌಂಡು, ಬಣ್ಣದ ಮಾತಿನ ಜತೆಗೆ ಒಂದು ಪ್ರಶ್ನೆ ಕೇಳಿ: ನಮ್ಮ ಶಾಲೆಯ ಪುಸ್ತಕದ ಅಲಮಾರಿ ಎಲ್ಲಿದೆ, ಕೀಲಿಕೈ ಯಾರ ಹತ್ತಿರ ಇದೆ, ಕಳೆದ ತಿಂಗಳು ಎಷ್ಟು ಮಕ್ಕಳು ಪುಸ್ತಕ ಮನೆಗೆ ಒಯ್ದರು? ಬೈಯಲು ಕೇಳಬೇಡಿ. ನಿಮಗೆ ಏನು ಸಹಾಯ ಬೇಕು ಎಂದು ಕೇಳಿ. ಊರಲ್ಲಿ ಡಿಗ್ರಿ ಓದುವ ಹುಡುಗ ಹುಡುಗಿಯರು ಇದ್ದಾರಲ್ಲ, ರಜೆಗೆ ಬಂದಾಗ ಎರಡು ದಿನ ಶಾಲೆಗೆ ಕಳಿಸಿ. ಆ ಮೇಡಂಗೆ ಅಕ್ಕನ ಮಗಳು ಕಲಿಸಿದ್ದು ಒಂದೇ ರಜೆಯಲ್ಲಿ.

ಇದು ಪುಸ್ತಕ ಗೊತ್ತಿಲ್ಲದ ನೆಲ ಅಲ್ಲ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಆ ಪುಸ್ತಕ ಹೇಳಿದಂತೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 3,000 ಹಸ್ತಪ್ರತಿಗಳಿದ್ದವು ಎಂದು ಇತಿಹಾಸ ಹೇಳುತ್ತದೆ. ಅಂಥ ಜಿಲ್ಲೆಯ ಮಗು, ಮೇಡಂ ಇದು ಖರೇನಾ ಎಂದು ಕೇಳಿದರೆ ಉತ್ತರ ಹುಡುಕಿ ಕೊಡುವ ಒಬ್ಬರು ಪ್ರತಿ ಶಾಲೆಯಲ್ಲೂ ಇರಲಿ ಎನ್ನುವುದು ದೊಡ್ಡ ಬೇಡಿಕೆಯೇನಲ್ಲ.

ಆ ಹುಡುಗಿ ಏನು ಮಾಡಿದಳು ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ಮೇಡಂ ಅವಳನ್ನು ಪಕ್ಕ ಕೂರಿಸಿಕೊಂಡು, ನಿನಗೆ ಯಾವುದರ ಬಗ್ಗೆ ಓದಬೇಕು ಹೇಳು ಎಂದರಂತೆ. ಕೆಲಸದ ಬಗ್ಗೆ ಎಂದಳಂತೆ. ಅವಳ ಅವ್ವ ಕೂಲಿಗೆ ಹೋಗುತ್ತಾರೆ. ಇಬ್ಬರೂ ಕಾಯಕ ಎಂದು ಟೈಪ್ ಮಾಡಿದರು. ಹತ್ತಾರು ವಚನ ಬಂದವು. ಅವಳೇ ಒಂದನ್ನು ಆರಿಸಿದಳು, ಮರುದಿನ ಪ್ರಾರ್ಥನೆಯಲ್ಲಿ ಓದಿದಳು, ಬರೆದವರು ಯಾರು ಎಂದೂ ಹೇಳಿದಳು.

ನಾವು ಪತ್ರಿಕೆಗೆ ತಿದ್ದುಪಡಿ ಕಳಿಸಿದೆವು. ಅಂದಿನಿಂದ ವಚನ ಸಂಚಯದಲ್ಲಿ ನೋಡದೆ ಯಾವ ವಚನವನ್ನೂ ಕಳಿಸಿಲ್ಲ. ನಿಮಗೂ ನಾಳೆ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಚನ ಬರುತ್ತದೆ. ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿನ ಒಂದು ಪದವನ್ನು ಅಲ್ಲಿ ಹುಡುಕಿ ನೋಡಿ. ಬರದಿದ್ದರೆ ನಿಮ್ಮೂರ ಶಾಲೆಯ ಮೇಡಂ ಅಥವಾ ಸರ್ ಹತ್ತಿರ ಹೋಗಿ ಕೇಳಿ. ಅವರಿಗೂ ಬರದಿದ್ದರೆ ಇಬ್ಬರೂ ಕೂತು ಕಲಿಯಿರಿ.